ಎರಡು ಅಂಗಡಿ, ಒಂದು ಗೋದಾಮು, ನಾಲ್ಕು ಕಡೆ ಲೆಕ್ಕ: ಎಲ್ಲವನ್ನೂ ಒಂದೇ ಸಾಫ್ಟ್‌ವೇರ್‌ಗೆ ತರಬಹುದಾ?

ಜವಳಿ_ರಾಣೆಬೆನ್ನೂರು
ಎಲ್ಲರಿಗೂ ನಮಸ್ಕಾರ. ನಮ್ಮದು ಜವಳಿ ಅಂಗಡಿ. ರಾಣೆಬೆನ್ನೂರಿನಲ್ಲಿ ಅಪ್ಪ ಶುರು ಮಾಡಿದ ಹಳೇ ಅಂಗಡಿ, ಹಾವೇರಿಯಲ್ಲಿ ತಮ್ಮ ನೋಡಿಕೊಳ್ಳುವ ಹೊಸ ಅಂಗಡಿ, ಜೊತೆಗೆ ಒಂದು ಗೋದಾಮು. ಸೀರೆ, ಥಾನಿನ ಬಟ್ಟೆ, ರೆಡಿಮೇಡ್ ಮೂರೂ ಇವೆ.

ಈಗ ಎರಡು ಅಂಗಡಿಗೂ ಬೇರೆ ಬೇರೆ ಬಿಲ್ಲಿಂಗ್ ಸಾಫ್ಟ್‌ವೇರ್. ಗೋದಾಮಿನ ಸ್ಟಾಕ್ ಎಕ್ಸೆಲ್‌ನಲ್ಲಿ. ವಾಟ್ಸಾಪ್‌ನಲ್ಲಿ ಮಾರಿದ್ದು ನನ್ನ ಹೆಂಡತಿಯ ನೋಟ್‌ಬುಕ್‌ನಲ್ಲಿ. ತಿಂಗಳ ಕೊನೆಗೆ ಆಡಿಟರ್ ಆಫೀಸಿನ ಹುಡುಗ ಇದೆಲ್ಲವನ್ನೂ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಗೆ ಮತ್ತೆ ಟೈಪ್ ಮಾಡುತ್ತಾನೆ.

ಈ ದೀಪಾವಳಿಯಲ್ಲಿ ಒಂದು ಇಳಕಲ್ ಸೀರೆಯ ಫೋಟೋ ಗ್ರೂಪಿಗೆ ಹಾಕಿದೆವು. ಹುಬ್ಬಳ್ಳಿಯ ಒಬ್ಬರು ಮಗಳ ಕುಬುಸಕ್ಕೆ ಅಂತ ಕೂಡಲೇ ದುಡ್ಡು ಹಾಕಿದರು. ಅಷ್ಟರಲ್ಲಿ ಹಾವೇರಿ ಕೌಂಟರಿನಲ್ಲಿ ಅದೇ ಸೀರೆ ಮಾರಿ ಆಗಿತ್ತು. ದುಡ್ಡು ವಾಪಸ್ ಕೊಟ್ಟೆವು, ಆದರೆ ಅವರಿಗೆ ತುಂಬಾ ಬೇಜಾರಾಯಿತು. ಅದೇ ವಾರ ಗೋದಾಮಿನಲ್ಲಿ ಮಕ್ಕಳ ಶರ್ಟಿನ ಎರಡು ಕಟ್ಟು ಇದ್ದರೂ ಹಾವೇರಿಗೆ ಗೊತ್ತಿರಲಿಲ್ಲ, ಮತ್ತೆ ಆರ್ಡರ್ ಹೋಯಿತು.

ಬಿಲ್, ಸ್ಟಾಕ್, ಗೋದಾಮು, ವಾಟ್ಸಾಪ್ ಮಾರಾಟ, ಲೆಕ್ಕಪತ್ರ ಎಲ್ಲವನ್ನೂ ಒಂದೇ ಸಾಫ್ಟ್‌ವೇರ್‌ನಲ್ಲಿ ನಡೆಸುತ್ತಿರುವವರು ಇಲ್ಲಿ ಇದ್ದಾರಾ? ಅಪ್ಪ ಮಾತ್ರ "ಒಂದು ನಿಂತರೆ ಎಲ್ಲಾ ನಿಲ್ಲುತ್ತದೆ" ಅನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ ಅನ್ನಿಸುತ್ತದೆ.

ಶಿರಸಿ_ಕಿರಾಣಿ
ಒಂದೇ ಮಾಡಿ ಅಣ್ಣ. ನಾಲ್ಕು ಕಡೆ ಬರೆದ ಲೆಕ್ಕ ನಾಲ್ಕು ಕಥೆ ಹೇಳುತ್ತದೆ.

ಕೋಡ್_ಮೈಸೂರು
ನಾನು ಅಂಗಡಿಗಳಿಗೆ ಇಂಥ ಸಾಫ್ಟ್‌ವೇರ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ಯಾವ ಕಂಪನಿಯದು ತಗೊಳ್ಳಬೇಕು ಅನ್ನೋದು ಆಮೇಲಿನ ಮಾತು. ಮೊದಲು ನಿಮ್ಮ ಮಾಲು ಯಾವ ಬಾಗಿಲಿನಿಂದ ಒಳಗೆ ಬರುತ್ತದೆ ಅಂತ ನೋಡಿ.

ಸೂರತ್ತಿನಿಂದ ಬೇಲು ಬಂತು ಅಂದುಕೊಳ್ಳಿ. ಅದನ್ನು ಬಿಚ್ಚಿ, ಮಾಲು ಕಳಿಸಿದ ಪಾರ್ಟಿಯ ಬಿಲ್ಲಿನ ಜೊತೆ ಎಣಿಸಿ, ಎಂಟ್ರಿ ಮಾಡಿ, ಟ್ಯಾಗ್ ಅಂಟಿಸಿದ ಮೇಲೆ ಮಾತ್ರ ರ‍್ಯಾಕಿಗೆ ಹೋಗಬೇಕು. ಈ ಒಂದು ಅಭ್ಯಾಸ ಇದ್ದರೆ ಸಾಧಾರಣ ಸಾಫ್ಟ್‌ವೇರ್ ಕೂಡ ಸರಿಯಾದ ಸ್ಟಾಕ್ ತೋರಿಸುತ್ತದೆ. ಇಲ್ಲದಿದ್ದರೆ ಲಕ್ಷಗಟ್ಟಲೆ ಕೊಟ್ಟು ತಂದರೂ ಅದು ಬರೀ ಬಿಲ್ ಪ್ರಿಂಟ್ ಮಾಡುವ ಯಂತ್ರ.

ಎರಡನೆಯದು ಐಟಂ ಪಟ್ಟಿ. ಒಂದು ಅಂಗಡಿಯಲ್ಲಿ "ಇಳಕಲ್ ಕಾಟನ್", ಇನ್ನೊಂದರಲ್ಲಿ "ಇಲ್ಕಲ್ ಪ್ಲೇನ್", ಎಕ್ಸೆಲ್‌ನಲ್ಲಿ ಬರೀ "ಐ.ಎಲ್.ಕೆ." ಅಂತ ಇರುತ್ತದೆ. ಮನುಷ್ಯರಿಗೆ ಮೂರೂ ಒಂದೇ ಅಂತ ಗೊತ್ತು, ಕಂಪ್ಯೂಟರಿಗೆ ಗೊತ್ತಾಗಲ್ಲ. ಮೂರು ಪಟ್ಟಿಗಳನ್ನು ಒಂದು ಮಾಡುವ ಕೆಲಸ ಮನೆಯವರೇ ಕೂತು ಮಾಡಬೇಕು. ಸಾಫ್ಟ್‌ವೇರ್ ಮಾರುವವರಿಗೆ ನಿಮ್ಮ ಮಾಲಿನ ಪರಿಚಯ ಇರುವುದಿಲ್ಲ.

ಸೀರೆಗೆ ಒಂದೊಂದಕ್ಕೂ ಬೇರೆ ಬಾರ್‌ಕೋಡ್ ಕೊಡಿ. ರೆಡಿಮೇಡಿಗೆ ಡಿಸೈನ್, ಸೈಜ್, ಬಣ್ಣ ಸೇರಿ ಒಂದು ಕೋಡ್ ಸಾಕು. ನಿಮ್ಮ ಇಳಕಲ್ ಸೀರೆಗೆ ಅದರದ್ದೇ ಬಾರ್‌ಕೋಡ್ ಇದ್ದು, ಫೋಟೋ ಹಾಕಿದ ಕೂಡಲೇ ನಿಮ್ಮ ಮನೆಯವರು ಮೊಬೈಲಿನಲ್ಲಿ ಅದನ್ನು "ಹೋಲ್ಡ್" ಮಾಡಿದ್ದರೆ ಹಾವೇರಿ ಕೌಂಟರಿನಲ್ಲಿ ಬಿಲ್ಲೇ ಆಗುತ್ತಿರಲಿಲ್ಲ.

ಹಾರ್ಡ್‌ವೇರ್_ಗದಗ
ಮೈಸೂರಿನವರೇ, ಹೇಳುವುದು ಸುಲಭ ರೀ. ನಮ್ಮಲ್ಲಿ ಬೆಳಿಗ್ಗೆ 11ಕ್ಕೆ ಲಾರಿ ಬರುತ್ತದೆ, ಅದೇ ಹೊತ್ತಿಗೆ ಕೌಂಟರಿನಲ್ಲಿ ಜನ ನಿಂತಿರುತ್ತಾರೆ. ಪೈಪು ಇಳಿಸುತ್ತಿರುವಾಗಲೇ ಮೇಸ್ತ್ರಿ ಬಂದು ಹತ್ತು ಎತ್ತಿಕೊಂಡು ಹೋಗುತ್ತಾನೆ. ಎಂಟ್ರಿ ಆಗಲಿ ಅಂತ ಅವನನ್ನು ನಿಲ್ಲಿಸಿದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ವ್ಯಾಪಾರ ಮುಖ್ಯವಾ, ಎಂಟ್ರಿ ಮುಖ್ಯವಾ?

ನಮ್ಮ ಸಾಫ್ಟ್‌ವೇರ್‌ನಲ್ಲಿ ಸ್ಟಾಕ್ ಮೈನಸ್ ಹೋದರೂ ಬಿಲ್ ಆಗುತ್ತದೆ. ಸಂಜೆ ಕೂತು ಸರಿ ಮಾಡುತ್ತೇವೆ.

ಕೋಡ್_ಮೈಸೂರು
ಹಾರ್ಡ್‌ವೇರಿಗೆ ಮೈನಸ್ ಬಿಡಬಹುದು ಸರ್, ಒಪ್ಪುತ್ತೇನೆ. ನಿಮ್ಮದು ಒಂದೇ ಜಾಗ, ಪೈಪು ಎಲ್ಲಾ ಒಂದೇ ಥರ. ಆದರೆ ಸಂಜೆ ಆ ಮೈನಸ್ ಪಟ್ಟಿ ಖಾಲಿ ಆಗಲೇಬೇಕು. ಹಾಗೇ ಬಿಟ್ಟ ಅಂಗಡಿಗಳಲ್ಲಿ ವರ್ಷದ ಕೊನೆಗೆ ಲಾಭದ ಲೆಕ್ಕವೇ ತಪ್ಪಾಗುತ್ತದೆ. ಖರೀದಿ ದರ ಗೊತ್ತಿಲ್ಲದ ಮಾಲನ್ನು ಮಾರಿದ ಹಾಗೆ ಕಂಪ್ಯೂಟರ್ ತೋರಿಸುತ್ತಿರುತ್ತದೆ.

ಸೀರೆಗೆ ಮಾತ್ರ ಮೈನಸ್ ಬೇಡವೇ ಬೇಡ. ಇರೋದೇ ಒಂದು ಪೀಸು.

ಹಾರ್ಡ್‌ವೇರ್_ಗದಗ
ಸೀರೆಗೆ ಸರಿ. ನನ್ನ ಪೈಪಿನ ಬಗ್ಗೆ ನನ್ನ ಮಾತೇ ಸರಿ.

ಲೆಕ್ಕ_ದಾವಣಗೆರೆ
ನಾನು ಜಿಎಸ್‌ಟಿ ರಿಟರ್ನ್ ಕೆಲಸ ಮಾಡುವವನು. ರಾಣೆಬೆನ್ನೂರಿನವರಿಗೆ ಕೆಲವು ವಿಷಯ ಹೇಳುತ್ತೇನೆ, ಡೆಮೊ ಕೊಡುವವರು ಇದನ್ನೆಲ್ಲಾ ಹೇಳುವುದಿಲ್ಲ.

ಎರಡೂ ಅಂಗಡಿ ಕರ್ನಾಟಕದಲ್ಲೇ ಇದ್ದು ಒಂದೇ ಜಿಎಸ್‌ಟಿ ನಂಬರ್ ಇದ್ದರೆ, ಗೋದಾಮು ಮತ್ತು ಹಾವೇರಿ ಅಂಗಡಿ ಎರಡನ್ನೂ ನೋಂದಣಿಯಲ್ಲಿ ಹೆಚ್ಚುವರಿ ಜಾಗ ಅಂತ ಸೇರಿಸಿರಬೇಕು. ಮೊದಲು ಅದನ್ನು ನೋಡಿಕೊಳ್ಳಿ. ಗೋದಾಮಿನಿಂದ ಅಂಗಡಿಗೆ ಮಾಲು ಕಳಿಸಿದರೆ ತೆರಿಗೆ ಇಲ್ಲ, ಡೆಲಿವರಿ ಚಲನ್ ಸಾಕು. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ದಾಖಲೆ) ಬೇಕು, ಮಾರಾಟ ಅಲ್ಲದಿದ್ದರೂ ಬೇಕು. ಒಂದೇ ಸಾಫ್ಟ್‌ವೇರ್ ಆದರೆ ವರ್ಗಾವಣೆಯ ಎಂಟ್ರಿಯಿಂದಲೇ ಚಲನ್ ಬರುತ್ತದೆ. ಈಗ ನೀವು ಬಹುಶಃ ಬಿಳಿ ಹಾಳೆಯಲ್ಲಿ ಬರೆದು ಕಳಿಸುತ್ತಿದ್ದೀರಿ, ಅಲ್ವಾ?

ಬಿಲ್ ನಂಬರಿಗೆ ಅಂಗಡಿಗೊಂದು ಸೀರೀಸ್ ಇಡಿ. ನಿಯಮದಲ್ಲಿ ಎಷ್ಟು ಸೀರೀಸ್ ಬೇಕಾದರೂ ಇಡಬಹುದು. ನಂಬರ್ ಸಾಲಾಗಿ ಹೋಗಬೇಕು, 16 ಅಕ್ಷರ ಮೀರಬಾರದು, ಒಂದು ವರ್ಷದಲ್ಲಿ ಒಂದೇ ನಂಬರ್ ಎರಡು ಸಲ ಬರಬಾರದು. ಎರಡೂ ಅಂಗಡಿಗೆ ಒಂದೇ ಸೀರೀಸ್ ಇಟ್ಟು, ನೆಟ್ ಹೋದಾಗ ಇಬ್ಬರೂ ಒಂದೇ ನಂಬರ್ ಹಾಕಿಬಿಟ್ಟರೆ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ತೊಂದರೆ ಆಗುತ್ತದೆ.

ಇನ್ನು ಖರೀದಿ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿಆರ್-2ಬಿ ಬರುತ್ತದೆ. ಪಾರ್ಟಿಗಳು ಹಾಕಿರುವ ಬಿಲ್ಲು ಅದರಲ್ಲಿ ಕಾಣುತ್ತದೆ. ನಿಮ್ಮ ಖರೀದಿ ಎಂಟ್ರಿ ಅದೇ ಸಾಫ್ಟ್‌ವೇರ್‌ನಲ್ಲಿ ಇದ್ದರೆ ತಾಳೆ ನೋಡುವುದು ಅರ್ಧ ಗಂಟೆಯ ಕೆಲಸ. ಬಂದ ಮಾಲಿಗೆ ಬಿಲ್ ಅಪ್‌ಲೋಡ್ ಆಗಿಲ್ಲ ಅಂತ ಗೊತ್ತಾದರೆ ಪಾರ್ಟಿಗೆ ದುಡ್ಡು ಕೊಡುವ ಮೊದಲೇ ಕೇಳಬಹುದು. ನನ್ನ ಪ್ರಕಾರ ಒಂದೇ ಸಾಫ್ಟ್‌ವೇರ್‌ನ ದೊಡ್ಡ ಲಾಭ ಇದು, ಬಿಲ್ಲಿಂಗ್ ಅಲ್ಲ.

ರೆಡಿಮೇಡ್_ಬಳ್ಳಾರಿ
ಲೆಕ್ಕದವರು ಸಿಕ್ಕಿದ್ದೀರಿ, ಒಂದು ಪ್ರಶ್ನೆ ಕೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ರೆಡಿಮೇಡಿಗೆ 2,500 ರೂಪಾಯಿ ತನಕ 5%, ಮೇಲಿದ್ದರೆ 18%. ಜೀನ್ಸ್‌ಗೆ ತೊಂದರೆ ಇಲ್ಲ, ನಮ್ಮೂರಿನ ಮಾಲು ಅಷ್ಟು ಬೆಲೆ ಮುಟ್ಟುವುದಿಲ್ಲ. ಮದುವೆಯ ಶೇರ್ವಾನಿ, ಕೋಟಿನಲ್ಲಿ ತಲೆನೋವು. ಟ್ಯಾಗ್ 2,799, ತೆರಿಗೆ ಸೇರಿ. ನಮ್ಮ ಸಾಫ್ಟ್‌ವೇರ್ ಒಂದು ದಿನ 5 ಹಾಕುತ್ತದೆ, ಇನ್ನೊಂದು ದಿನ 18 ಹಾಕುತ್ತದೆ.

ಲೆಕ್ಕ_ದಾವಣಗೆರೆ
ನೀವು ಆರಿಸಿದ ಬೆಲೆಯೇ ಸಿಕ್ಕು. 2,500ರ ಮಿತಿ ತೆರಿಗೆ ಸೇರದ ಮಾರಾಟ ಬೆಲೆಗೆ. ಆ ಬೆಲೆಗೆ 5% ಸೇರಿಸಿದರೆ 2,625. ಮಿತಿ ದಾಟಿದ ಕೂಡಲೇ 18%, ಅಂದರೆ ಟ್ಯಾಗ್ 2,950ಕ್ಕಿಂತ ಮೇಲೆ ಹೋಗುತ್ತದೆ. ನಡುವಿನ 2,799ರಿಂದ 18% ತೆಗೆದರೆ ಸುಮಾರು 2,372 ಉಳಿಯುತ್ತದೆ, ಅದು 5%ರ ಮಾಲು. 5% ತೆಗೆದರೆ ಸುಮಾರು 2,666, ಅದು 18%ರ ಮಾಲು. ಸಾಫ್ಟ್‌ವೇರ್ ಹೇಗೆ ಲೆಕ್ಕ ಹಾಕಿದರೂ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ಸುಮ್ನೆ 2,626ರಿಂದ 2,950ರ ತನಕ ಟ್ಯಾಗೇ ಇಡಬೇಡಿ. ಕೆಳಗೆ ಇಳಿಸಿ, ಇಲ್ಲ ಮೇಲಕ್ಕೆ ಹೋಗಿ.

ಇನ್ನೊಂದು ಮಾತು. ದರ ಐಟಂ ಪಟ್ಟಿಯಲ್ಲಿ ಕಟ್ಟಿಹಾಕಿ ಇಟ್ಟಿದ್ದರೆ ತಪ್ಪು. ರಿಯಾಯಿತಿ ಕೊಟ್ಟ ಮೇಲೆ ಬೆಲೆ ಮಿತಿಯ ಕೆಳಗೆ ಬಂದರೆ 5% ಆಗಬೇಕು. ಬಿಲ್ಲಿನ ಕೊನೆಯಲ್ಲಿ ರಿಯಾಯಿತಿ ಹಾಕಿ ನೋಡಿ, ಸಾಫ್ಟ್‌ವೇರ್ ದರ ಬದಲಿಸುತ್ತದಾ ಅಂತ. ಡೆಮೊ ಬಂದವರ ಎದುರೇ ಇದನ್ನು ಮಾಡಿಸಿ.

ಜವಳಿ_ರಾಣೆಬೆನ್ನೂರು
ಇದು ನನಗೆ ತುಂಬಾ ಉಪಯೋಗ ಆಯಿತು ಸರ್. ರೇಷ್ಮೆ ಸೀರೆ 2,500 ದಾಟಿದರೆ 18%ನಾ ಹಾಗಾದರೆ?

ಲೆಕ್ಕ_ದಾವಣಗೆರೆ
ಇಲ್ಲ. ಸೀರೆ ಹೊಲಿದ ಉಡುಪಲ್ಲ, ಬಟ್ಟೆ. ಎಷ್ಟೇ ಬೆಲೆ ಇದ್ದರೂ 5%. ಆದ್ದರಿಂದ ಸೀರೆಯನ್ನು, ರೆಡಿಮೇಡನ್ನು ಬೇರೆ ಗುಂಪಿನಲ್ಲಿ ಇಡಿ, ಎಚ್‌ಎಸ್‌ಎನ್ (ಮಾಲಿನ ವರ್ಗ ತೋರಿಸುವ ಕೋಡ್) ಸರಿಯಾಗಿ ಹಾಕಿ. ವಹಿವಾಟು 5 ಕೋಟಿ ತನಕ ಇದ್ದರೆ 4 ಅಂಕಿ ಸಾಕು, ಮೇಲಿದ್ದರೆ 6.

ಔಷಧಿ_ತುಮಕೂರು
ನಾನು ಸ್ವಲ್ಪ ವಿರೋಧ ಹೇಳುತ್ತೇನೆ. "ಎಲ್ಲಾ ಒಂದರಲ್ಲೇ" ಅನ್ನುವ ಸಾಫ್ಟ್‌ವೇರ್ ಬಹಳ ಸಲ ಎಲ್ಲರಿಗೂ ಅರ್ಧರ್ಧ ಹೊಂದುತ್ತದೆ. ನಮ್ಮ ಮೆಡಿಕಲ್‌ನಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇಲ್ಲದೆ ಒಂದು ಸ್ಟ್ರಿಪ್ ಕೂಡ ಬಿಲ್ ಆಗಬಾರದು. ಒಂದೇ ಮಾತ್ರೆಗೆ ಎರಡು ಬ್ಯಾಚಿನಲ್ಲಿ ಎರಡು ಎಂಆರ್‌ಪಿ ಇರುತ್ತದೆ. ಮೊದಲು ಅವಧಿ ಮುಗಿಯುವುದು ಮೊದಲು ಹೋಗಬೇಕು. ಎಚ್1 ಪಟ್ಟಿಯ (ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದ, ಹೆಚ್ಚು ನಿಗಾ ಇರುವ) ಔಷಧಿಗೆ ಡಾಕ್ಟರ್ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಬರೆದ ರಿಜಿಸ್ಟರ್ ಮೂರು ವರ್ಷ ಇಡಬೇಕು. ಸಾಮಾನ್ಯ ಅಂಗಡಿಯ ಸಾಫ್ಟ್‌ವೇರ್‌ಗೆ ಇದೆಲ್ಲಾ ತಿಳಿಯದು. ಮೆಡಿಕಲ್‌ನವರು ಮಾರ್ಗ್‌ನಂಥ ಅದೇ ಕೆಲಸದ ಸಾಫ್ಟ್‌ವೇರ್ ಹಿಡಿಯುವುದು ಇದಕ್ಕೇ.

ಜವಳಿಗೂ ಅದರದ್ದೇ ಗುಣ ಇದೆ. ಥಾನು ಮೀಟರಿನಲ್ಲಿ ಕತ್ತರಿಸುವುದು, ಸೈಜು ಬಣ್ಣ, ಹೊಲಿಗೆಗೆ ಕೊಟ್ಟಿದ್ದು. ಅದನ್ನು ಬಲ್ಲ ಸಾಫ್ಟ್‌ವೇರನ್ನೇ ಹುಡುಕಿ. ಎಲ್ಲಾ ಧಂಧೆಗೂ ಆಗುತ್ತದೆ ಅನ್ನುವವರನ್ನು ನಂಬಬೇಡಿ.

ಕೋಡ್_ಮೈಸೂರು
ಒಳ್ಳೇ ಮಾತು. ಒಂದೇ ವೇದಿಕೆ ಅಂದರೆ ಎಲ್ಲಾ ಧಂಧೆಗೂ ಒಂದು ಅಂತ ಅಲ್ಲ, ನಿಮ್ಮ ಅಂಗಡಿಯ ಎಲ್ಲಾ ಕೆಲಸಕ್ಕೂ ಒಂದು ಅಂತ. ಮಾಲಿನ ಲೆಕ್ಕ ಒಂದು ಕಡೆ ಇರಲೇಬೇಕು. ಲೆಕ್ಕಪತ್ರ ಬೇರೆ ಕಡೆ ಇದ್ದರೂ ನಡೆಯುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಟ್ಯಾಲಿಗೆ ವೋಚರ್ (ಲೆಕ್ಕದ ಎಂಟ್ರಿ) ಕಳಿಸಬಹುದು, ಎಕ್ಸ್‌ಎಂಎಲ್ ಫೈಲ್ ಮೂಲಕ ಟ್ಯಾಲಿ ಅದನ್ನು ತಗೊಳ್ಳುತ್ತದೆ. ಆಡಿಟರ್‌ಗೆ ಟ್ಯಾಲಿ ಅಭ್ಯಾಸ ಆಗಿದ್ದರೆ ಅದನ್ನು ಕಿತ್ತುಹಾಕುವ ಅವಸರ ಬೇಡ. ಮತ್ತೆ ಟೈಪ್ ಮಾಡುವುದು ಮಾತ್ರ ನಿಲ್ಲಬೇಕು.

ಶಿರಸಿ_ಕಿರಾಣಿ
ಕಿರಾಣಿಯ ಕಷ್ಟ ಯಾರೂ ಹೇಳಲಿಲ್ಲ. ತೊಗರಿಬೇಳೆ ಮೂಟೆಯಲ್ಲಿ ಬರುತ್ತದೆ. ಅರ್ಧ ಚಿಲ್ಲರೆಯಾಗಿ ತೂಗಿ ಕೊಡುತ್ತೇವೆ, ಅರ್ಧ ಒಂದು ಕೆಜಿ ಪ್ಯಾಕ್ ಮಾಡಿ ಇಡುತ್ತೇವೆ. ಚಿಲ್ಲರೆಗೆ ತೆರಿಗೆ ಇಲ್ಲ. ಲೇಬಲ್ ಹಾಕಿ ಪ್ಯಾಕ್ ಮಾಡಿದರೆ, 25 ಕೆಜಿ ತನಕ, 2022ರ ಜುಲೈ 18ರಿಂದ 5%. ಅಂದರೆ ಸಾಫ್ಟ್‌ವೇರ್‌ನಲ್ಲಿ ಒಂದೇ ಬೇಳೆ ಎರಡು ಐಟಂ. ಮೂಟೆ ಒಡೆದಾಗ ಒಂದರಿಂದ ಕಳೆದು ಇನ್ನೊಂದಕ್ಕೆ ಕೂಡಿಸುವ ಎಂಟ್ರಿ ಬೇಕು. ಚೆಲ್ಲಿದ್ದು, ಒಣಗಿ ಕಮ್ಮಿಯಾಗಿದ್ದು ಬೇರೆ.

ತೂಕದ ಯಂತ್ರವೇ ಬಾರ್‌ಕೋಡ್ ಪ್ರಿಂಟ್ ಮಾಡುವಂಥದ್ದು ತಂದ ಮೇಲೆ ನಮಗೆ ಬಹಳ ಹಗುರಾಯಿತು. ಆ ಕೋಡ್ 2ರಿಂದ ಶುರುವಾಗುತ್ತದೆ, ಅಂಗಡಿಯ ಒಳಗಿನ ಬಳಕೆಗೆ ಅಂತಲೇ ಬಿಟ್ಟ ನಂಬರುಗಳು. ಅದರೊಳಗೆ ಐಟಂ ಕೋಡೂ ತೂಕವೂ ಇರುತ್ತದೆ. ಕೌಂಟರಿನಲ್ಲಿ ಸ್ಕ್ಯಾನ್ ಮಾಡಿದರೆ ಸ್ಟಾಕಿನಿಂದ ಗ್ರಾಂ ಲೆಕ್ಕದಲ್ಲಿ ಕಳೆಯುತ್ತದೆ.

ಕರಾವಳಿ_ಅಕ್ಕ
890ರಿಂದ ಶುರುವಾಗುವ ಬಾರ್‌ಕೋಡ್ ಅಂದರೆ ಭಾರತದಲ್ಲಿ ಮಾಡಿದ ಮಾಲು ಅಂತ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬರುತ್ತಿರುತ್ತದೆ. ಹೌದಾ?

ಕೋಡ್_ಮೈಸೂರು
ಅಲ್ಲ ಅಕ್ಕ. ನಂಬರನ್ನು ಭಾರತದ ಜಿಎಸ್1 ಸಂಸ್ಥೆ ಕೊಟ್ಟಿದೆ ಅಂತ ಅಷ್ಟೇ ಅರ್ಥ. ಮಾಲು ಎಲ್ಲಿ ತಯಾರಾಯಿತು ಅನ್ನೋದು ಅದರಿಂದ ಗೊತ್ತಾಗುವುದಿಲ್ಲ.

ಬೇಕರಿ_ಹಾಸನ
ಒಂದು ವಿಷಯ ಯಾರೂ ಮುಟ್ಟುತ್ತಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ತೆರಿಗೆ ನೋಟಿಸ್ ಬಂತಲ್ಲ, ಬೇಕರಿ, ಕಾಂಡಿಮೆಂಟ್ಸ್‌ನವರೆಲ್ಲಾ ಹೆದರಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದರು. ಈಗ ಎಲ್ಲಾ ಮಾರಾಟ, ಎಲ್ಲಾ ಸ್ಟಾಕ್ ಒಂದೇ ಕಂಪ್ಯೂಟರಿನಲ್ಲಿ ಹಾಕಿ ಅಂದರೆ ನಾವೇ ಕೊರಳು ಕೊಟ್ಟ ಹಾಗಲ್ವಾ?

ಲೆಕ್ಕ_ದಾವಣಗೆರೆ
ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಆ ನೋಟಿಸುಗಳು ಬಂದಿದ್ದು ಅಂಗಡಿಯವರ ಕಂಪ್ಯೂಟರ್ ನೋಡಿ ಅಲ್ಲ, ಪಾವತಿ ಕಂಪನಿಗಳ ಲೆಕ್ಕ ನೋಡಿ. ಖಾತೆಗೆ ಬಂದ ಒಟ್ಟು ದುಡ್ಡು ಕಾಣಿಸಿತು, ಅದರಲ್ಲಿ ಏನು ಮಾರಿದ್ದು ಅಂತ ಕಾಣಿಸಲಿಲ್ಲ. ಹಾಲು, ತರಕಾರಿ ಮಾರಿದವರು ತೆರಿಗೆ ಇಲ್ಲದ ಮಾಲು ಅಂತ ತೋರಿಸಬೇಕಾಯಿತು. ಬಿಲ್ ಇದ್ದವರು ತೋರಿಸಿದರು, ಇಲ್ಲದವರು ಪರದಾಡಿದರು.

ನಿಮ್ಮ ಬೇಕರಿಯನ್ನೇ ತಗೊಳ್ಳಿ. ಬ್ರೆಡ್‌ಗೆ ತೆರಿಗೆ ಇಲ್ಲ. ಹಾಲಿನ ಪ್ಯಾಕೆಟ್‌ಗೆ ಇಲ್ಲ. ಕೇಕ್, ಬಿಸ್ಕತ್ತಿಗೆ ಮೊದಲು 18% ಇತ್ತು, ಸೆಪ್ಟೆಂಬರ್ 22ರಿಂದ 5%. ಯುಪಿಐನಲ್ಲಿ ಇದೆಲ್ಲಾ ಒಂದೇ ಮೊತ್ತ. ಯಾವುದು ಎಷ್ಟು ಅಂತ ಹೇಳಲು ನಿಮ್ಮ ಬಿಲ್ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಮಾಲು ಮಾತ್ರ ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಮಿತಿ ದಾಟಿದಿರಾ ಅಂತ ನೋಡುವಾಗ ತೆರಿಗೆ ಇಲ್ಲದ ಮಾಲೂ ಸೇರುತ್ತದೆ, ಬರೀ ಅಂಥ ಮಾಲನ್ನೇ ಮಾರುವವರಿಗೆ ಮಾತ್ರ ನೋಂದಣಿ ಬೇಡ. ಇದು ಜನರಿಗೆ ಗೊತ್ತೇ ಇರುವುದಿಲ್ಲ.

ಬೇಕರಿ_ಹಾಸನ
200 ರೂಪಾಯಿ ಒಳಗಿನ ವ್ಯಾಪಾರಕ್ಕೆ ಬಿಲ್ ಬೇಡ ಅನ್ನುತ್ತಾರಲ್ಲ? ನಮ್ಮಲ್ಲಿ ಎಲ್ಲಾ 20, 30 ರೂಪಾಯಿ ಗಿರಾಕಿ.

ಲೆಕ್ಕ_ದಾವಣಗೆರೆ
ನೋಂದಣಿ ಇರುವ ಅಂಗಡಿಗೆ ಇರುವ ಅನುಕೂಲ ಅದು. 200ರ ಒಳಗೆ, ಗಿರಾಕಿ ಕೇಳದಿದ್ದರೆ ಬೇರೆ ಬಿಲ್ ಕೊಡಬೇಕಿಲ್ಲ. ಆದರೆ ದಿನದ ಕೊನೆಗೆ ಅದೆಲ್ಲಕ್ಕೂ ಸೇರಿ ಒಂದು ಬಿಲ್ ಮಾಡಬೇಕು. ಸ್ಟಾಕಿಗೆ ಅಂತಾದರೂ ಏನು ಹೋಯಿತು ಅಂತ ಒತ್ತಿ ಇಡಿ. ಕಾಂಪೊಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಮ್ಮಿ ದರದಲ್ಲಿ ತೆರಿಗೆ ಕಟ್ಟುವ ಯೋಜನೆ) ಇದ್ದರೆ ಸ್ಟಾಕ್ ಲೆಕ್ಕ ಇಡುವ ಕಡ್ಡಾಯ ನಿಮಗಿಲ್ಲ, ಅದೂ ಗೊತ್ತಿರಲಿ.

ಹಾರ್ಡ್‌ವೇರ್_ಗದಗ
ಜವಳಿಯವರ ಪ್ರಶ್ನೆ ಎಲ್ಲಿಗೆ ಹೋಯಿತು? ಎಲ್ಲರೂ ತೆರಿಗೆಗೇ ಇಳಿದಿರಿ.

ದುಬೈ_ಕನ್ನಡಿಗ
ನಾನು ಇಲ್ಲಿ ಬಟ್ಟೆ ಅಂಗಡಿಗಳ ಗುಂಪೊಂದರಲ್ಲಿ ಸ್ಟಾಕ್ ನೋಡಿಕೊಳ್ಳುತ್ತೇನೆ. ಎಲ್ಲಾ ಅಂಗಡಿ ಒಂದೇ ವ್ಯವಸ್ಥೆಯಲ್ಲಿ. ಯಾವ ಬ್ರಾಂಚಿನಲ್ಲಿ ಯಾವ ಸೈಜ್ ಇದೆ ಅಂತ ಕೌಂಟರಿನ ಹುಡುಗನೇ ಹೇಳುತ್ತಾನೆ, ಗಿರಾಕಿ ಕೈತಪ್ಪುವುದಿಲ್ಲ.

ಆದರೆ ಕಂಪ್ಯೂಟರ್ ಹೇಳಿದ್ದಕ್ಕೂ ರ‍್ಯಾಕಿನಲ್ಲಿ ಇರುವುದಕ್ಕೂ ವ್ಯತ್ಯಾಸ ಬಂದೇ ಬರುತ್ತದೆ. ಕಳವು, ತಪ್ಪು ಟ್ಯಾಗ್, ಬದಲಿ ಕೊಟ್ಟಾಗ ಎಂಟ್ರಿ ಆಗದ್ದು. ವರ್ಷಕ್ಕೊಮ್ಮೆ ಅಂಗಡಿ ಮುಚ್ಚಿ ಎಣಿಸಿದರೆ ಎಲ್ಲಿ ತಪ್ಪಿತು ಅಂತ ಗೊತ್ತಾಗುವುದಿಲ್ಲ. ನಾವು ರಾತ್ರಿ ಒಂದೊಂದು ರ‍್ಯಾಕ್ ಎಣಿಸುತ್ತೇವೆ. ಬೆಲೆ ಜಾಸ್ತಿ ಇರುವ ಮಾಲು ಪದೇ ಪದೇ, ಅಗ್ಗದ್ದು ಅಪರೂಪಕ್ಕೆ. ಎಣಿಸುವವನಿಗೆ ಕಂಪ್ಯೂಟರಿನ ಸಂಖ್ಯೆ ತೋರಿಸಬಾರದು. ತೋರಿಸಿದರೆ ಅವನು ಅದನ್ನೇ ಬರೆದು ಮಲಗುತ್ತಾನೆ.

ಲೆಕ್ಕ_ದಾವಣಗೆರೆ
ಎಣಿಸಿದಾಗ ಕಮ್ಮಿ ಬಂದ ಮಾಲನ್ನು ಸುಮ್ನೆ ಸ್ಟಾಕಿನಿಂದ ತೆಗೆದುಹಾಕಬೇಡಿ. ಕಳವಾದ, ಹಾಳಾದ, ಲೆಕ್ಕದಿಂದ ಬಿಟ್ಟ ಮಾಲಿಗೆ ತಗೊಂಡ ಇನ್‌ಪುಟ್ ತೆರಿಗೆಯನ್ನು (ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಪಡೆದ ಕಡಿತ) ವಾಪಸ್ ಕಟ್ಟಬೇಕು, ಜಿಎಸ್‌ಟಿ ಕಾಯ್ದೆಯ 17(5) ಕಲಂ. ಆಡಿಟರ್‌ಗೆ ಆ ಪಟ್ಟಿ ಪ್ರತಿ ಸಲ ಕಳಿಸಿ.

ಕರಾವಳಿ_ಅಕ್ಕ
ನಮ್ಮದು ಮಕ್ಕಳ ಬಟ್ಟೆ ಅಂಗಡಿ. ಬಿಲ್ಲು ಕನ್ನಡದಲ್ಲಿ ಬರುವಂತೆ ಮಾಡಬೇಕು ಅಂತ ನನ್ನ ಹಟ. ಅಜ್ಜಿಯರು ಬಂದು "ಇದರಲ್ಲಿ ಏನು ಬರೆದಿದೆ ಮಗಾ" ಅಂತ ಕೇಳುತ್ತಾರೆ. ಡೆಮೊಗೆ ಬಂದವರು "ಬರುತ್ತದೆ ಮೇಡಂ" ಅಂದರು, ಪ್ರಿಂಟ್ ತೆಗೆದರೆ ಬರೀ ಚೌಕಗಳು.

ಕೋಡ್_ಮೈಸೂರು
ಅಕ್ಕ, ಬಿಲ್ ಪ್ರಿಂಟರಿಗೆ ಅಕ್ಷರ ಕಳಿಸಿದರೆ ಅದರೊಳಗೆ ಕನ್ನಡದ ಫಾಂಟ್ ಇರಬೇಕು, ಹೆಚ್ಚಿನವುಗಳಲ್ಲಿ ಇರುವುದಿಲ್ಲ. ಬಿಲ್ಲನ್ನು ಚಿತ್ರವಾಗಿ ಕಳಿಸುವ ಆಯ್ಕೆ ಕೇಳಿ. ಆಗ ಒತ್ತು, ದೀರ್ಘ ಎಲ್ಲಾ ಸರಿಯಾಗಿ ಬರುತ್ತದೆ, ಪ್ರಿಂಟ್ ಸ್ವಲ್ಪ ನಿಧಾನ. ಐಟಂ ಪಟ್ಟಿಯಲ್ಲಿ ಕನ್ನಡದ ಹೆಸರಿಗೆ ಬೇರೆ ಕಾಲಂ ಇರಲಿ. ನಿಮ್ಮ ಹಟ ಬಿಡಬೇಡಿ. ನಾವು ಕೇಳದಿದ್ದರೆ ಅವರು ಮಾಡುವುದಿಲ್ಲ.

ಔಷಧಿ_ತುಮಕೂರು
ಇದಕ್ಕೆ ನನ್ನ ಬೆಂಬಲ. ಹಾಗೇ ಇನ್ನೊಂದು: ಕೆಲವು ಸಾಫ್ಟ್‌ವೇರ್ ಫೋನ್ ನಂಬರ್ ಹಾಕದೆ ಬಿಲ್ಲೇ ಕೊಡುವುದಿಲ್ಲ. ನಂಬರಿಗಾಗಿ ಗಿರಾಕಿಯನ್ನು ಒತ್ತಾಯಿಸಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಹೇಳಿದೆ. ಆ ಕಡ್ಡಾಯವನ್ನು ಸೆಟ್ಟಿಂಗಿನಲ್ಲಿ ತೆಗೆಸಿ.

ಜವಳಿ_ರಾಣೆಬೆನ್ನೂರು
ಎಲ್ಲರಿಗೂ ಧನ್ಯವಾದ. ಅಪ್ಪನ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಕರೆಂಟ್ ಹೋದರೆ, ನೆಟ್ ಹೋದರೆ?

ಕೋಡ್_ಮೈಸೂರು
ಕರೆಂಟಿಗೆ ಯುಪಿಎಸ್ ಇಡಿ. ನೆಟ್‌ಗೆ ಎರಡು ಥರ ಇದೆ. ಪೂರ್ತಿ ಕ್ಲೌಡ್ ಆದರೆ ನೆಟ್ ಹೋದ ಕೂಡಲೇ ಬಿಲ್ ನಿಲ್ಲುತ್ತದೆ. ಇನ್ನು ಕೆಲವು ಅಂಗಡಿಯ ಕಂಪ್ಯೂಟರಿನಲ್ಲೇ ಬಿಲ್ ಮಾಡಿ, ನೆಟ್ ಬಂದಾಗ ಮೇಲೆ ಕಳಿಸುತ್ತವೆ. ನಿಮಗೆ ಎರಡನೆಯದು ಬೇಕು. ಡೆಮೊದಲ್ಲಿ ನೀವೇ ಕೇಬಲ್ ಕಿತ್ತು ಹತ್ತು ಬಿಲ್ ಮಾಡಿಸಿ, ಮತ್ತೆ ಹಾಕಿ, ಹತ್ತೂ ಇನ್ನೊಂದು ಅಂಗಡಿಯಲ್ಲಿ ಕಾಣುತ್ತದಾ ನೋಡಿ. ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿ.

ನೆಟ್ ಇಲ್ಲದ ಹೊತ್ತಿನಲ್ಲಿ ಒಂದು ಸೀರೆ ಎರಡು ಕಡೆ ಮಾರುವ ಸಾಧ್ಯತೆ ಉಳಿಯುತ್ತದೆ, ಅದನ್ನು ಯಾವ ಸಾಫ್ಟ್‌ವೇರೂ ತಡೆಯದು. ಆದ್ದರಿಂದ ವಾಟ್ಸಾಪಿಗೆ ಹಾಕುವ ಸೀರೆಯನ್ನು ರ‍್ಯಾಕಿನಿಂದ ತೆಗೆದು ಬೇರೆ ಬೀರುವಿನಲ್ಲಿ ಇಡಿ.

ಆಮೇಲೆ ಡೇಟಾ. ಬಿಟ್ಟು ಹೋಗಬೇಕು ಅನ್ನಿಸಿದ ದಿನ ಐಟಂ, ಬಿಲ್, ಉದ್ರಿ ಎಲ್ಲವೂ ಎಕ್ಸೆಲ್ ಫೈಲಾಗಿ ನಿಮ್ಮ ಕೈಗೆ ಬರುತ್ತದಾ ಅಂತ ಬರೆದು ಕೊಡಲು ಹೇಳಿ.

ಲೆಕ್ಕ_ದಾವಣಗೆರೆ
ಇದು ಮುಖ್ಯ. ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು ಇಡಬೇಕು. ಸಾಫ್ಟ್‌ವೇರ್ ಕಂಪನಿ ಅಷ್ಟು ದಿನ ಇರುತ್ತದೆ ಅನ್ನುವ ಭರವಸೆ ಯಾರೂ ಕೊಡಲಾರರು.

ಜವಳಿ_ರಾಣೆಬೆನ್ನೂರು
ಇನ್ನು ಯಾವಾಗ ಶುರು ಮಾಡುವುದು? ಮನೆಯಲ್ಲಿ ಪಾಡ್ಯದ ದಿನ ಹೊಸ ಲೆಕ್ಕ ಬರೆಯುವ ಪದ್ಧತಿ. ಈ ಸಲದ್ದು ಮುಗಿದು ಹೋಯಿತು. ಮುಂದಿನ ದೀಪಾವಳಿ ತನಕ ಕಾಯಲು ಮನಸ್ಸಿಲ್ಲ.

ರೆಡಿಮೇಡ್_ಬಳ್ಳಾರಿ
ಏಪ್ರಿಲ್ 1. ಹೊಸ ವರ್ಷ, ಹೊಸ ಬಿಲ್ ನಂಬರ್.

ದುಬೈ_ಕನ್ನಡಿಗ
ಏಪ್ರಿಲ್ ಬೇಡ, ಮದುವೆ ಸೀಸನ್ ಎದುರಿಗೇ ಇರುತ್ತದೆ. ಧನುರ್ಮಾಸ ಬರುತ್ತಿದೆ, ಮದುವೆ ಇರುವುದಿಲ್ಲ, ಅಂಗಡಿ ಖಾಲಿ ಇರುತ್ತದೆ. ಆಗ ಎಣಿಸಿ ಟ್ಯಾಗ್ ಹಾಕಿ.

ಲೆಕ್ಕ_ದಾವಣಗೆರೆ
ಎರಡನ್ನೂ ಸೇರಿಸಬಹುದು. ಧನುರ್ಮಾಸದಲ್ಲಿ ಎಣಿಕೆ, ಟ್ಯಾಗ್, ಹುಡುಗರಿಗೆ ಕಲಿಕೆ. ಸಂಕ್ರಾಂತಿ ಆದ ಮೇಲೆ ಹಾವೇರಿಯಲ್ಲಿ ಮಾತ್ರ ಶುರು ಮಾಡಿ, ಸಣ್ಣ ಅಂಗಡಿ. ಅಲ್ಲಿ ಬೇರೆ ಸೀರೀಸ್ ಇಟ್ಟರೆ ವರ್ಷದ ನಡುವೆ ಬದಲಿಸಿದರೂ ನಿಯಮಕ್ಕೆ ಅಡ್ಡಿ ಇಲ್ಲ. ಏಪ್ರಿಲ್ 1ಕ್ಕೆ ರಾಣೆಬೆನ್ನೂರು, ಗೋದಾಮು ಎರಡೂ ಸೇರಲಿ. ಹಳೇ ಸಾಫ್ಟ್‌ವೇರನ್ನು ಅಳಿಸಬೇಡಿ.

ಹಾರ್ಡ್‌ವೇರ್_ಗದಗ
ಇದು ಒಪ್ಪುವ ಮಾತು. ಎರಡೂ ಅಂಗಡಿ ಒಂದೇ ದಿನ ಬದಲಿಸಲು ಹೋದವರನ್ನು ನೋಡಿದ್ದೇನೆ. ಕೌಂಟರಿನಲ್ಲಿ ಜನ ಕಾಯ್ದು ಕಾಯ್ದು ಎದ್ದು ಹೋದರು.

ಜವಳಿ_ರಾಣೆಬೆನ್ನೂರು
ಹಾಗೇ ಮಾಡುತ್ತೇವೆ. ತಮ್ಮನಿಗೂ ಈ ಮಾತುಗಳನ್ನೆಲ್ಲಾ ಓದಿಸಿದೆ, ಹಾವೇರಿಯಿಂದ ಶುರು ಅಂದಿದ್ದಕ್ಕೆ ಅವನು ಖುಷಿ ಆಗಿದ್ದಾನೆ. ಕೊನೆಗೆ ಒಂದೇ ಪ್ರಶ್ನೆ. ಥಾನಿನಲ್ಲಿ ಕೊನೆಗೆ ಅರ್ಧ, ಮುಕ್ಕಾಲು ಮೀಟರ್ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಎಲ್ಲಾ ಸೇರಿ ಆರು ಮೀಟರ್ ಅಂತ ತೋರಿಸುತ್ತದೆ, ಗಿರಾಕಿ ಮೂರು ಮೀಟರ್ ಕೇಳಿದರೆ ಒಂದೇ ತುಂಡು ಇರುವುದಿಲ್ಲ. ಇದಕ್ಕೆ ಏನು ಮಾಡುತ್ತೀರಿ?

ದುಬೈ_ಕನ್ನಡಿಗ
ನಮ್ಮಲ್ಲಿ ಥಾನು ಇಲ್ಲ, ಮೈಸೂರಿನವರು ಹೇಳಲಿ.

ಕೋಡ್_ಮೈಸೂರು
ಥಾನಿಗೊಂದು ಬಾರ್‌ಕೋಡ್ ಇಡಿ, ಬಟ್ಟೆಯ ಹೆಸರಿಗೆ ಒಂದೇ ಕೋಡ್ ಇಟ್ಟರೆ ಸಾಲದು. ಆಗ ಒಂದೊಂದು ಥಾನಿನಲ್ಲಿ ಎಷ್ಟು ಉಳಿದಿದೆ ಅಂತ ಬೇರೆ ಬೇರೆ ಕಾಣುತ್ತದೆ. ಉಳಿದದ್ದು ಒಂದು ಮೀಟರಿಗಿಂತ ಕಮ್ಮಿಯಾದ ದಿನ ಅದನ್ನು ಥಾನಿನಿಂದ ತೆಗೆದು "ಕಟ್ ಪೀಸ್" ಐಟಂಗೆ ವರ್ಗಾಯಿಸಿ, ಪೀಸ್ ಲೆಕ್ಕದಲ್ಲಿ ಬೇರೆ ಬೆಲೆ ಹಾಕಿ. ಟ್ಯಾಗನ್ನು ರಿಬ್ಬನ್ ಇರುವ ಪ್ರಿಂಟರಿನಲ್ಲಿ ತೆಗೆಯಿರಿ. ರಿಬ್ಬನ್ ಇಲ್ಲದ ಥರ್ಮಲ್ ಟ್ಯಾಗ್ ಬೇಸಿಗೆಯ ಬಿಸಿಲಿಗೆ, ಅಂಗಡಿಯ ಲೈಟಿಗೆ ಮಸುಕಾಗುತ್ತದೆ, ಥಾನು ರ‍್ಯಾಕಿನಲ್ಲಿ ಬಹಳ ದಿನ ಕೂರುತ್ತದೆ. ಕತ್ತರಿಸುವ ಮೇಜಿನ ಮೇಲೇ ಒಂದು ಸ್ಕ್ಯಾನರ್ ಇಡಿ. ಕತ್ತರಿಸುವವನೇ ಸ್ಕ್ಯಾನ್ ಮಾಡಿ ಮೀಟರ್ ಹಾಕಲಿ, ಬಿಲ್ ಕೌಂಟರಿಗೆ ಚೀಟಿ ಕಳಿಸುವುದು ಬೇಡ.